ಒಳಗಿನಿಂದ ಕಟ್ಟಿದ ಬಾಗಿಲು

ಭೂತ, ಪ್ರೇತ, ಸತ್ತವರು ಬಂದು ಮಾತಾಡಿಸುವುದು ಇವನ್ನೆಲ್ಲ ನಾನು ನಂಬಿದವನಲ್ಲ. ನಂಬದೆ ಸುಮ್ಮನಿದ್ದವನೂ ಅಲ್ಲ, ನಂಬಿದವರನ್ನು ಕೂತಲ್ಲಿ ನಿಂತಲ್ಲಿ ಚೇಷ್ಟೆ ಮಾಡುತ್ತಿದ್ದೆ. ಹುಣಸೆ ಗಿಡದ ಕೆಳಗೆ ಬೆಳ್ಳಗೆ ಏನೋ ಅಲುಗಾಡಿತು ಎಂದು ಯಾರಾದರೂ ಹೇಳಿದರೆ, ಒಣಗಹಾಕಿದ ಧೋತರ ಇರಬೇಕು, ಹೋಗಿ ಮಡಚಿಟ್ಟು ಬಾ ಎನ್ನುತ್ತಿದ್ದೆ. ಆಗ ನನಗೆ ಶಹಾಬಾದಿನ ಕಲ್ಲಿನ ಗಣಿಯೊಂದರಲ್ಲಿ ಕೆಲಸ. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಎಂದು ಹೇಳುವುದು ಅಲ್ಲಿ ನನ್ನ ಪಾಲಿಗೆ ಬಂದ ವಿದ್ಯೆ. ಬಡಿದರೆ ಸದ್ದು ಕೊಡುವುದಷ್ಟೇ ಇದೆ, ಮಿಕ್ಕಿದ್ದೆಲ್ಲ ಬರೀ ಬಾಯಿಮಾತು ಎಂಬುದು ನನ್ನ ತಿಳಿವಳಿಕೆಯಾಗಿತ್ತು.

ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ನೀವು ಹೇಳಿ ನಾನು ಕೇಳುವಂತಿದ್ದರೆ ನಾನೇ ನಗುತ್ತಿದ್ದೆ. ಆದರೆ ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಅರ್ಥ ಏನು ಎಂದು ಮಾತ್ರ ನನ್ನನ್ನು ಕೇಳಬೇಡಿ.

ನನಗೊಬ್ಬ ಅಣ್ಣನಿದ್ದ. ಇದ್ದ ಎನ್ನಬೇಕೋ ಇದ್ದಾನೆ ಎನ್ನಬೇಕೋ, ಈ ಕಥೆಯ ತಕರಾರೇ ಅದು. ಹೆಸರು ಗುರುಲಿಂಗಪ್ಪ. ನಮ್ಮದು ದಂಡೋತಿಯ ಹತ್ತಿರ, ಕಾಗಿಣಾ ನದಿಯ ದಂಡೆಯ ಊರು. ಅಪ್ಪ ಬೇಗ ತೀರಿಹೋಗಿದ್ದರಿಂದ ಎರೆ ಹೊಲದ ಕೆಲಸವನ್ನೆಲ್ಲ ಅಣ್ಣನೇ ಹೊತ್ತಿದ್ದ, ನನ್ನನ್ನು ಚಿತ್ತಾಪುರಕ್ಕೆ ಕಳಿಸಿ ನಾಲ್ಕಕ್ಷರ ಉರ್ದು ಕಲಿಸಿದವನೂ ಅವನೇ. ಅಣ್ಣ ಎಡಚ. ಉಣ್ಣುವುದೊಂದನ್ನು ಅವ್ವ ಬಡಿದು ಬಡಿದು ಬಲಗೈಗೆ ತಿರುಗಿಸಿದ್ದಳು. ಉಳಿದಂತೆ ಕುಡಗೋಲು ಹಿಡಿಯುವುದು, ಬಾರಕೋಲು ಬೀಸುವುದು, ಚೊಂಬು ಎತ್ತುವುದು ಎಲ್ಲವೂ ಎಡಗೈಯೇ.

ಅವನ ಎಡಗೈ ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತಿದ್ದುದು ಹಗ್ಗದಲ್ಲಿ. ಪುಂಡಿಯ ನಾರು ತೆಗೆದು ಹಗ್ಗ ಹೊಸೆಯುವುದು ನಮ್ಮ ಕಡೆ ಬೇಸಿಗೆಯ ಕೆಲಸ. ನಾರನ್ನು ಬಲತೊಡೆಯ ಮೇಲಿಟ್ಟು ಬಲ ಅಂಗೈಯಿಂದ ಉಜ್ಜಿ ಹುರಿ ಮಾಡುತ್ತೇವೆ. ಅಣ್ಣ ಎಡತೊಡೆಯ ಮೇಲೆ ಎಡ ಅಂಗೈಯಿಂದ ಉಜ್ಜುತ್ತಿದ್ದ. ಹೀಗಾಗಿ ಅವನ ಹಗ್ಗದ ಹುರಿ ಊರಿನ ಹಗ್ಗಗಳಿಗೆಲ್ಲ ತಿರುವುಮುರುವು. ಬೇರೆಯವರ ಎಳೆಯೊಂದಿಗೆ ಸೇರಿಸಿ ಹೊಸೆದರೆ ತಾನೇ ಬಿಚ್ಚಿಕೊಳ್ಳುತ್ತಿತ್ತು. "ನಿನ್ನ ಹಗ್ಗನೂ ನಿನ್ನಂಗೇ ನೋಡು, ಯಾರ ಜೋಡಿನೂ ಕೂಡಂಗಿಲ್ಲ" ಎಂದು ಅವ್ವ ಬೈಯುತ್ತಿದ್ದಳು. ಅತ್ತಿಗೆ ಕಾಶಮ್ಮ ಮಾತ್ರ ಬಾವಿಯ ನೀರು ಸೇದಲು ಅಣ್ಣ ಹೊಸೆದ ಹಗ್ಗವನ್ನೇ ಹುಡುಕಿ ಒಯ್ಯುತ್ತಿದ್ದಳು.

ಅವರ ಮದುವೆಯಾದ ಮರುವರ್ಷ ಅಣ್ಣ ಬಿದಿರು ತರಲೆಂದು ಬಂಡಿ ಹೂಡಿಕೊಂಡು ಚಿಂಚೋಳಿಯ ಗುಡ್ಡಗಳಿಗೆ ಹೋದ. ಊರಿನ ಬೇರೆ ಬಂಡಿಗಳೂ ಜೊತೆಗಿದ್ದವು. ಗುಡ್ಡದ ಮೇಲೆ ಒಂದು ಬಯಲಿನಲ್ಲಿ ಎಲ್ಲರೂ ಬಂಡಿ ಬಿಟ್ಟು ಮಲಗಿದರು. ಬೆಳಿಗ್ಗೆ ಏಳುವಾಗ ಅಣ್ಣನ ಎತ್ತುಗಳು ಕಟ್ಟಿದಲ್ಲೇ ನಿಂತು ಮೆಲುಕು ಹಾಕುತ್ತಿದ್ದವು, ಕಂಬಳಿ ಬಂಡಿಯ ಮೇಲೆ ಹಾಗೇ ಇತ್ತು, ಅಣ್ಣನಿರಲಿಲ್ಲ. ಹುಡುಕಿದರು. ಪೊಲೀಸು ಅಮೀನರು ಬಂದು ಕೇಳಿದ್ದನ್ನೇ ಕೇಳಿ ಹೋದರು. ರಕ್ತವಾಗಲಿ, ಬಟ್ಟೆಯ ಚಿಂದಿಯಾಗಲಿ, ಒಂದು ಎಲುಬಾಗಲಿ ಸಿಗಲಿಲ್ಲ. ಬಂಡಿಯನ್ನು ಯಾರೋ ಹೊಡೆದುಕೊಂಡು ಬಂದು ನಮ್ಮ ಅಂಗಳದಲ್ಲಿ ಬಿಟ್ಟರು.

ಐದಾರು ವರ್ಷ ಹೀಗೇ ಹೋಯಿತು. ಅತ್ತಿಗೆ ನಮ್ಮ ಮನೆಯಲ್ಲೇ ಉಳಿದಳು. ಕೈಯಲ್ಲಿ ಬಳೆ, ಕೊರಳಲ್ಲಿ ತಾಳಿ, ಮಕ್ಕಳಿಲ್ಲ. ಮುತ್ತೈದೆ ಎಂದು ಯಾರೂ ಉಡಿ ತುಂಬಲು ಕರೆಯುತ್ತಿರಲಿಲ್ಲ, ವಿಧವೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಆ ವರ್ಷ ಸೇಡಂ ಕಡೆಯ ಒಬ್ಬರು ಅವಳನ್ನು ಉಡಿಕಿ ಕೇಳಿಕೊಂಡು ಬಂದರು. ಉಡಿಕಿ ಎಂದರೆ ಗಂಡನಿಲ್ಲದವಳು ಮತ್ತೊಬ್ಬನ ಮನೆ ತುಂಬುವುದು. ವಾಲಗವಿಲ್ಲ, ಹಂದರವಿಲ್ಲ, ಹೊಸ ಸೀರೆ ಉಡಿಸಿ ಕರೆದುಕೊಂಡು ಹೋಗುವ ಮದುವೆ. ನಮ್ಮವರಲ್ಲಿ ಅದಕ್ಕೆ ಅಡ್ಡಿಯಿಲ್ಲ. ಅತ್ತಿಗೆಯ ತವರಿನವರು ಒಪ್ಪಿದರು. ಅತ್ತಿಗೆ ಏನೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವ್ವ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಮಗ ಬದುಕ್ಯಾನ. ಅವನ ಹೆಂಡತಿನ್ನ ಇನ್ನೊಬ್ಬಗ ಕೊಡ್ಲಿಕ್ಕ ನಾ ಸತ್ತಿಲ್ಲ" ಎಂದಳು. ಮಗ ಕಾಣೆಯಾದ ದಿನದಿಂದ ಅವ್ವ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅತ್ತರೆ ಸತ್ತನೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅವಳ ಹೆದರಿಕೆ.

ಆಗ ಊರ ಹಿರಿಯರು ಒಂದು ಹಳೆಯ ಪದ್ಧತಿ ಎತ್ತಿದರು. ಈಗ ಕೇಳಿದರೆ ಯಾರಿಗೂ ಗೊತ್ತಿಲ್ಲ, ಆಗ ನಮ್ಮ ಕಡೆಯ ಕೆಲವು ಊರುಗಳಲ್ಲಿತ್ತು. ಅದಕ್ಕೆ ಕೂಗಿ ಬರುವುದು ಎನ್ನುತ್ತಿದ್ದರು. ಕಾಣೆಯಾದವನ ಒಡಹುಟ್ಟಿದವನು ಆ ಜಾಗಕ್ಕೆ ಒಬ್ಬನೇ ಹೋಗಬೇಕು. ಯಾರ ಸಹಾಯವೂ ಇಲ್ಲದೆ ಇಬ್ಬರು ಮಲಗುವಷ್ಟು ಗುಡಿಸಲು ಕಟ್ಟಬೇಕು. ಇಬ್ಬರಿಗೆ ಬುತ್ತಿ, ಇಬ್ಬರಿಗೆ ಹಾಸಿಗೆ. ಹೊತ್ತು ಮುಳುಗುವಾಗ ಹೆಸರು ಹಿಡಿದು ಮೂರು ಸಲ ಕೂಗಬೇಕು, ಹೊತ್ತು ಹುಟ್ಟುವಾಗ ಮತ್ತೆ ಮೂರು ಸಲ. ಗುಡಿಸಲಿನ ಬಾಗಿಲ ಕಡೆ ಮುಚ್ಚಬಾರದು, ಅದು ಬರುವವನ ದಾರಿ. ಓಗೊಡದಿದ್ದರೆ, ಯಾರೂ ಬರದಿದ್ದರೆ, ಗುಡಿಸಲನ್ನು ಬಿಚ್ಚಿ ಮನೆಗೆ ಬರಬೇಕು. ಅಲ್ಲಿಗೆ ಅವನು ತೀರಿದ ಹಾಗೆ. ಅವ್ವ ಇದಕ್ಕೆ ಒಪ್ಪಿದಳು. ತಮ್ಮ ಕೂಗಿದರೆ ಅಣ್ಣ ಬಂದೇ ಬರುತ್ತಾನೆ ಎಂದು ಅವಳು ಒಪ್ಪಿದ್ದು.

ನನಗೆ ನಗು ಬಂದಿತ್ತು. ಆದರೆ ಅತ್ತಿಗೆಯ ಮುಖ ನೋಡಿ ಸುಮ್ಮನೆ ಗಣಿಯಲ್ಲಿ ರಜೆ ಕೇಳಿಕೊಂಡು ಬಂದೆ. ಒಂದು ರಾತ್ರಿ ಗುಡ್ಡದ ಮೇಲೆ ಮಲಗಿದರೆ ಅವಳ ಬಾಳು ಒಂದು ಕಡೆ ಹತ್ತುವುದಾದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ. ಹೊರಡುವ ದಿನ ಅವಳು ಎರಡು ಬುತ್ತಿ ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. "ತಮ್ಮಾ, ಕೆಂಪು ಬಟ್ಟ್ಯಾಗಿಂದು ನಿಮ್ಮಣ್ಣಂದು. ಉಳ್ಳಾಗಡ್ಡಿ ಇಟ್ಟಿಲ್ಲ, ಅವರಿಗಿ ಸೇರಂಗಿಲ್ಲ" ಎಂದಳು. ಆಮೇಲೆ ಹೊಸ್ತಿಲಲ್ಲಿ ನಿಂತು, "ಏನ್ ಆಗ್ತದ ಅದನ್ನಷ್ಟೇ ಬಂದು ಹೇಳು. ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ, ಅವ್ವನ ಸಲುವಾಗಿನೂ ಹೇಳಬ್ಯಾಡ" ಎಂದಳು.

ಚಿತ್ತಾಪುರದಲ್ಲಿ ರೈಲು ಹತ್ತಿ ಸೇಡಂನಲ್ಲಿ ಇಳಿದು, ಅಲ್ಲಿಂದ ಸಿಕ್ಕ ಬಂಡಿಗಳಲ್ಲಿ ಚಿಂಚೋಳಿ ದಾಟಿ ಗುಡ್ಡದ ಬುಡದ ಒಂದು ತಾಂಡಾ ಸೇರಿದೆ. ಅಣ್ಣನನ್ನು ಹುಡುಕುವಾಗ ಜೊತೆಗಿದ್ದ ಸೋಮ್ಲಾ ಎಂಬ ಲಂಬಾಣಿ ಮುದುಕ ಅಲ್ಲಿದ್ದ. ಅವನೇ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ ಬಯಲು ತೋರಿಸಿದ. ಕೆಂಪು ನೆಲ, ಒಂದು ಕಡೆ ಆಳೆತ್ತರದ ಬಂಡೆ, ಸುತ್ತಲೂ ಮುತ್ತಲ ಗಿಡ, ಬಿದಿರು, ಎಳೆಯ ಸಾಗವಾನಿ. "ಇಲ್ಲೇ ನೋಡ್ರಿ, ಈ ಬಂಡಿಗಲ್ಲ ಬಾಜೂಕ ನಿಮ್ಮಣ್ಣನ ಎತ್ತು ಇದ್ವು" ಎಂದ. ಕಾಡುಪ್ರಾಣಿಗಳ ಕಾಟವಿದೆಯೇ ಎಂದು ಕೇಳಿದೆ. "ಏ, ಇಲ್ರಿ. ಈಗೇನ್ ಉಳ್ದದ? ಮೊಲ ಅವ, ನವಿಲು ಅವ. ಆರಾಮ ಮಕ್ಕೋರಿ" ಎಂದು ಹೇಳಿ, ಊಟದ ಹೊತ್ತಿಗೆ ತಾಂಡಾ ಸೇರಬೇಕೆಂದು ಇಳಿದುಹೋದ.

ಎರೆ ಭೂಮಿಯವರು ಗುಡಿಸಲು ಕಟ್ಟುವುದೆಂದರೆ ಹೊಲ ಕಾಯಲು ಕಟ್ಟುವುದು. ಎರಡು ಕವೆಗೋಲು ನೆಟ್ಟು, ಮೇಲೊಂದು ತೊಲೆ ಇಟ್ಟು, ಎರಡೂ ಕಡೆ ಇಳಿಜಾರಾಗಿ ಕೋಲು ಆನಿಸಿ, ಜೋಳದ ದಂಟಿನ ಸಿವುಡು ಹೊದಿಸಿದರೆ ಮುಗಿಯಿತು. ನನಗೆ ಬರುತ್ತಿದ್ದುದು ಅದೊಂದೇ. ಬಂಡೆಯನ್ನು ಹಿಂದಿನ ಗೋಡೆ ಮಾಡಿಕೊಂಡು ಕವೆಗೋಲು ನೆಡಲು ಹೋದೆ. ನಮ್ಮ ನೆಲದಲ್ಲಿ ಗುದ್ದಿದರೆ ಇಳಿಯುವ ಕೋಲು ಇಲ್ಲಿ ಗೇಣುದ್ದವೂ ಇಳಿಯಲಿಲ್ಲ. ಕಲ್ಲು ತಂದು ಬುಡಕ್ಕೆ ಪೇರಿಸಿ ನಿಲ್ಲಿಸಬೇಕಾಯಿತು. ಕೊಡಲಿ, ಕುಡಗೋಲು ತಂದಿದ್ದೆ, ತೊಲೆಗೆ ಬಿದಿರು ಕಡಿದೆ. ಇಳಿಜಾರಿಗೆ ಸಾಗವಾನಿಯ ಕೋಲು. ಬಿಗಿಯಲು ಮನೆಯಿಂದ ಪುಂಡಿ ಹಗ್ಗದ ಸಿಂಬಿ ತಂದಿದ್ದೆ. ಒಂದೊಂದು ಕೋಲಿಗೂ ಎರಡೆರಡು ಸುತ್ತು ಹಾಕುತ್ತಾ ಹೋದೆ.

ಹೊದಿಕೆಗೆ ದಂಟಿಲ್ಲ, ಸೊಪ್ಪೇ ಗತಿ. ಊಟದ ಎಲೆ ಹಚ್ಚುವ ಅಗಲವಾದ ಮುತ್ತಲ ಎಲೆಗಳಿರುವ ಟೊಂಗೆಗಳನ್ನು ಕಡಿದು ಮೇಲಿನಿಂದ ಕೆಳಕ್ಕೆ ಹೊದಿಸುತ್ತ ಬಂದೆ. ಅರ್ಧ ಮುಗಿಸಿದಾಗ ತಲೆಗೆ ಹೊಳೆಯಿತು, ಹೀಗೆ ಹೊದಿಸಿದರೆ ಮಳೆಯ ನೀರೆಲ್ಲ ಸಂದಿನಿಂದ ಒಳಗೇ ಬರುತ್ತದೆ, ಕೆಳಗಿನಿಂದ ಮೇಲಕ್ಕೆ ಏರಿಸಬೇಕು. ಬೈದುಕೊಳ್ಳುತ್ತ ಎಲ್ಲ ಕಿತ್ತು ಮತ್ತೆ ಬುಡದಿಂದ ಶುರುಮಾಡಿದೆ. ಹೊತ್ತು ಇಳಿಯುವುದರಲ್ಲಿ ಎರಡು ಮಗ್ಗುಲೂ ನೆಲಕ್ಕೆ ತಾಗುವಂತೆ ಮುಚ್ಚಿತು. ಹಿಂದೆ ಬಂಡೆ, ಎಡಬಲ ಸೊಪ್ಪು, ಮುಂದೆ ಮೂಡಣಕ್ಕೆ ತೆರೆದ ಬಾಗಿಲು. ಹಗ್ಗದ ಕೊನೆಯ ತುಂಡನ್ನು ತೊಲೆಯ ತುದಿಗೆ ಸುತ್ತಿ ಮುಗಿಸಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ನನ್ನ ಹತ್ತಿರ ಗಂಟು ಹಾಕಲು ಒಂದು ದಾರವೂ ಉಳಿದಿರಲಿಲ್ಲ. ಒಳಗೆ ನಿಂತು ನೋಡಿದಾಗ ಹೆಮ್ಮೆಯಾಯಿತು. ಸುಳ್ಳೇಕೆ, ಯಾರಾದರೂ ನೋಡಿ ಭೇಷ್ ಎನ್ನಬೇಕಿತ್ತು ಅನ್ನಿಸಿತು.

ಸೂರ್ಯ ಬಿದಿರಿನ ಹಿಂದೆ ಇಳಿಯುವಾಗ ಕೂಗಲು ನಿಂತೆ. ನಗುತ್ತಲೇ ನಿಂತವನು ನಾನು. ಆದರೆ ಹೆಸರು ಬಾಯಿಗೆ ಬರಲಿಲ್ಲ. ಅಣ್ಣನನ್ನು ಹೆಸರು ಹಿಡಿದು ನಾನು ಹುಟ್ಟಿದಾಗಿನಿಂದ ಕರೆದವನಲ್ಲ. ಗಂಟಲು ಸರಿಮಾಡಿಕೊಂಡು "ಗುರುಲಿಂಗಪ್ಪಾ" ಎಂದು ಕೂಗಿದೆ. ಎದುರಿನ ಗುಡ್ಡ ಅದನ್ನೇ ಹಿಂದಕ್ಕೆ ಕೊಟ್ಟಿತು. ಎರಡನೆಯ ಸಲ ಕೂಗುವಾಗ ದನಿ ಒಡೆಯಿತು. ಮೂರನೆಯ ಸಲ ನಾನು ಅಳುತ್ತಿದ್ದೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಗಿಣಾ ದಾಟಿಸಿದವನು ಅವನು. ಅಷ್ಟು ವರ್ಷ ಅವನಿಗಾಗಿ ನಾನೂ ಅತ್ತಿರಲಿಲ್ಲ ಎಂದು ಆಗಲೇ ಗೊತ್ತಾದದ್ದು.

ಯಾರೂ ಓಗೊಡಲಿಲ್ಲ. ಸ್ವಾತಿ ಮಳೆಯ ದಿನಗಳು, ಸಣ್ಣಗೆ ಹನಿಯಲು ಶುರುವಾಯಿತು. ನನ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದೆ. ಕೆಂಪು ಬಟ್ಟೆಯ ಬುತ್ತಿಯನ್ನು ಅಣ್ಣನ ಕಂಬಳಿಯ ತಲೆದೆಸೆಗೆ ಇಟ್ಟೆ. ಬಾಗಿಲು ತೆರೆದಿದ್ದರಿಂದ ತಣ್ಣನೆಯ ಗಾಳಿ ನೇರ ಎದೆಗೇ ಬಡಿಯುತ್ತಿತ್ತು. ಮುಚ್ಚಿಕೊಂಡರೆ ಯಾರು ನೋಡುತ್ತಾರೆ ಅನ್ನಿಸಿತು, ಮುಚ್ಚಲು ಸೊಪ್ಪೂ ಇಲ್ಲ, ಹಗ್ಗವೂ ಇಲ್ಲ, ಎದ್ದು ಹೋಗುವ ತ್ರಾಣವೂ ಇಲ್ಲ. ಕಂಬಳಿ ಹೊದ್ದು ಮಲಗಿದವನಿಗೆ ಕೂಡಲೇ ನಿದ್ದೆ ಹತ್ತಿತು. ರಾತ್ರಿಯ ಬಗ್ಗೆ ನನಗೆ ನೆನಪಿರುವುದು ಒಂದೇ. ನಿದ್ದೆಯ ನಡುವೆ ಎಲ್ಲೋ ಸರ್, ಸರ್ ಎಂದು ಒಂದೇ ಸಮ ಸದ್ದು ಕೇಳುತ್ತಿತ್ತು, ಬೇಸಿಗೆಯಲ್ಲಿ ನಮ್ಮ ಪಡಸಾಲೆಯಲ್ಲಿ ಹಗ್ಗ ಹೊಸೆಯುವ ಸದ್ದಿನ ಹಾಗೆ. ನನಗೆ ಹೆದರಿಕೆಯಾಗಲಿಲ್ಲ. ಮನೆಯಲ್ಲಿದ್ದೇನೆ ಅನ್ನಿಸಿ ಇನ್ನಷ್ಟು ಗಾಢವಾಗಿ ನಿದ್ದೆ ಹೋದೆ.

ಎಚ್ಚರವಾದಾಗ ಹಕ್ಕಿಗಳು ಕೂಗುತ್ತಿದ್ದವು, ಆದರೆ ಒಳಗೆ ಕತ್ತಲೆಯಿತ್ತು. ಮೂಡಣಕ್ಕೆ ತೆರೆದ ಗುಡಿಸಲಲ್ಲಿ ಬೆಳಗಿನ ಹೊತ್ತು ಕತ್ತಲೆ ಹೇಗೆ ಎಂದು ಎದ್ದು ಕೂತೆ. ಬಾಗಿಲು ಮುಚ್ಚಿತ್ತು.

ಮೊದಲು ಸೋಮ್ಲಾನ ಮೇಲೆ ಸಂಶಯ ಬಂತು, ಮುದುಕ ತಮಾಷೆ ಮಾಡಿರಬೇಕೆಂದು. ಹತ್ತಿರ ಸರಿದು ಕೈಯಾಡಿಸಿದೆ. ಅಡ್ಡಡ್ಡ ಕೋಲು ಇಟ್ಟು, ಮುತ್ತಲ ಟೊಂಗೆಗಳನ್ನು ಕೆಳಗಿನಿಂದ ಮೇಲಕ್ಕೆ ಹೊದಿಸಿ, ಒಂದು ಬೆರಳು ತೂರದ ಹಾಗೆ ಬಾಗಿಲನ್ನು ಭದ್ರಮಾಡಲಾಗಿತ್ತು. ನನ್ನ ಹೊದಿಕೆಗಿಂತ ಎಷ್ಟೋ ಅಚ್ಚುಕಟ್ಟು. ಕೋಲುಗಳನ್ನು ಬಿಗಿದ ಗಂಟುಗಳೆಲ್ಲ ನನ್ನ ಕಡೆಗಿದ್ದವು. ಹಗ್ಗದ ತುದಿಗಳು ನನ್ನ ಮುಖದ ಮುಂದೆ ತೂಗುತ್ತಿದ್ದವು. ಬಾಗಿಲನ್ನು ಒಳಗಿನಿಂದ ಕಟ್ಟಲಾಗಿತ್ತು.

ಒಳಗಿನಿಂದ ಕಟ್ಟಿದವನು ಒಳಗೇ ಇರಬೇಕಲ್ಲವೇ? ಹಿಂದಕ್ಕೆ ತಿರುಗಿ ಅಣ್ಣನ ಹಾಸಿಗೆಯ ಕಡೆ ನೋಡುವುದಕ್ಕೆ ನನಗೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಕಂಬಳಿ ಹಾಸಿದಂತೆಯೇ ಇತ್ತು, ಒಂದು ಸುಕ್ಕೂ ಇರಲಿಲ್ಲ. ಕೆಂಪು ಬಟ್ಟೆಯ ಬುತ್ತಿ ಕಟ್ಟಿದ ಹಾಗೇ ಇತ್ತು. ಬಂಡೆಯ ಬುಡ, ಎಡಬಲದ ಸೊಪ್ಪು ಎಲ್ಲ ತಡವಿ ನೋಡಿದೆ. ಎಲ್ಲಿಯೂ ಒಂದು ನಾಯಿ ತೂರುವಷ್ಟು ಕಂಡಿ ಇರಲಿಲ್ಲ. ಒಳಗಿದ್ದವನು ನಾನೊಬ್ಬನೇ.

ಆಮೇಲೆ ಹಗ್ಗವನ್ನು ನೋಡಿದೆ. ಪುಂಡಿಯದಲ್ಲ, ಹಸಿ ಬೇರಿನ ನಾರಿನದು, ಇನ್ನೂ ಒದ್ದೆಯಾಗಿತ್ತು. ಹುರಿ ತಿರುವುಮುರುವು. ಬೇರೆ ಯಾರಿಗಾದರೂ ಅದು ಬರೀ ಹಗ್ಗ. ಆ ಹಗ್ಗದಿಂದ ಸೇದಿದ ನೀರು ಕುಡಿದು ಬೆಳೆದ ನನಗೆ ಮತ್ತೆ ನೋಡಬೇಕಾಗಿರಲಿಲ್ಲ.

ಗಂಟು ಬಿಚ್ಚಲಾಗದೆ ಒಂದು ಕಡೆ ಕುಡಗೋಲಿನಿಂದ ಕೊಯ್ದು ಹೊರಗೆ ಬಂದೆ. ಹನಿದ ಮಳೆಗೆ ಕೆಂಪು ಮಣ್ಣು ಮೆತ್ತಗಾಗಿತ್ತು. ಗುಡಿಸಲಿನ ಸುತ್ತ ಚಿರತೆಯ ಹೆಜ್ಜೆಗಳಿದ್ದವು. ಒಂದು ಸುತ್ತಲ್ಲ, ಹಲವು ಸುತ್ತು. ಬಾಗಿಲ ಮುಂದೆ ಅದು ಕೂತು ಕಾದ ಗುರುತಿತ್ತು, ಬಾಗಿಲ ಸೊಪ್ಪಿನ ಮೇಲೆ ಉಗುರಿನಿಂದ ಕೆರೆದ ಗೆರೆಗಳಿದ್ದವು. ನಾನು ಬಿಟ್ಟಂತೆ ಬಾಗಿಲು ತೆರೆದೇ ಇದ್ದಿದ್ದರೆ ಇದನ್ನು ಹೇಳಲು ನಾನಿರುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ಒಂದು ಮುತ್ತಲ ಗಿಡದ ಬುಡ ಅಗೆದಿತ್ತು. ಬೇರು ಸುಲಿದ ಸಿಪ್ಪೆ ಬಿದ್ದಿತ್ತು, ಒಂದು ಕಲ್ಲಿನ ಮೇಲೆ ಬೇರನ್ನು ಜಜ್ಜಿದ ಹಸಿ ನಾರು ಅಂಟಿಕೊಂಡಿತ್ತು. ಗಳಿಗೆಯಲ್ಲಿ ಆಗುವ ಕೆಲಸವಲ್ಲ ಅದು. ಯಾರೋ ಸಮಾಧಾನವಾಗಿ ಕೂತು ಮಾಡಿದ ಕೆಲಸ.

ಹೊತ್ತು ಹುಟ್ಟುತ್ತಿತ್ತು. ಮತ್ತೆ ಮೂರು ಸಲ ಕೂಗಬೇಕಿತ್ತು. ಕೂಗಲಿಲ್ಲ. ನಿನ್ನೆ ಯಾರೂ ಓಗೊಡಲಿಲ್ಲವೆಂದು ಅತ್ತಿದ್ದವನು, ಈಗ ಓಗೊಟ್ಟರೆ ಏನು ಗತಿ ಎಂದು ಹೆದರಿ ನಿಂತಿದ್ದೆ.

ಕುಡಗೋಲನ್ನು ಎಡಗೈಗೆ ಬದಲಾಯಿಸಿದೆ, ಚುರ್ ಎಂದಿತು. ಅಂಗೈ ತಿರುಗಿಸಿ ನೋಡಿದರೆ ಎಡ ಅಂಗೈಯ ತುಂಬ ಬೊಬ್ಬೆಗಳೆದ್ದಿದ್ದವು. ನಡುನಡುವೆ ಬೇರಿನ ರಸದ ಕಲೆ, ಉಗುರ ಸಂದಿಯಲ್ಲಿ ಕೆಂಪು ಮಣ್ಣು, ನಾರಿನ ಎಳೆ. ಬಲ ಅಂಗೈಯಲ್ಲಿ ಕೊಡಲಿ ಹಿಡಿದ ಜಡ್ಡು ಬಿಟ್ಟರೆ ಏನೂ ಇರಲಿಲ್ಲ. ಕಾಲು ನೋಡಿಕೊಂಡೆ, ಮೊಣಕಾಲವರೆಗೆ ಹಸಿ ಕೆಸರು. ಧೋತರ ಎತ್ತಿ ನೋಡಿದೆ. ಎಡತೊಡೆಯ ಚರ್ಮ ಕೆಂಪಗೆ ಉಜ್ಜಿ ಹೋಗಿತ್ತು. ಚಿರತೆಯ ಹೆಜ್ಜೆ ಕಂಡಾಗ ಆಗದ ಹೆದರಿಕೆ ನನ್ನ ಕೈಯನ್ನೇ ನಾನು ಕಂಡಾಗ ಆಯಿತು. ನಾನು ಬಲಗೈಯವನು. ಎಡಗೈಯಿಂದ ಒಂದು ತುತ್ತು ಎತ್ತಿದವನಲ್ಲ, ಒಂದು ಎಳೆ ಹೊಸೆದವನಲ್ಲ.

ಗುಡಿಸಲನ್ನು ಬಿಚ್ಚಿ ಬರಬೇಕೆಂಬ ಮಾತು ಮರೆತೇ ಹೋಯಿತು. ಒಂದು ಮೊಳ ಹಗ್ಗ ಕೊಯ್ದುಕೊಂಡು, ಕಂಬಳಿಗಳನ್ನು ಅಲ್ಲೇ ಬಿಟ್ಟು, ಬಿದ್ದು ಎದ್ದು ತಾಂಡಾಕ್ಕೆ ಬಂದೆ. ಸೋಮ್ಲಾ ನನ್ನ ಮುಖ ನೋಡಿ ನೀರು ಕೊಟ್ಟ. ರಾತ್ರಿ ಮೇಲೆ ಬಂದಿದ್ದೆಯಾ ಎಂದು ಕೇಳಿದ್ದಕ್ಕೆ, "ಭವಾನಿ ಆಣಿರಿ, ನಾ ಯಾಕ ಬರ್ಲಿ? ಕತ್ತಲಾದ ಮ್ಯಾಲ ಆ ಕಡಿ ನಾವ್ಯಾರೂ ಹೋಗಂಗಿಲ್ರಿ" ಎಂದ. ಮೊಲ, ನವಿಲು ಬಿಟ್ಟರೆ ಏನೂ ಇಲ್ಲವೆಂದವನು ಇವನೇ. ಬೈಯಲೂ ನನಗೆ ಶಕ್ತಿ ಇರಲಿಲ್ಲ.

ಊರಿಗೆ ಬಂದ ದಿನ ನಮ್ಮ ಕಟ್ಟೆಯ ಮೇಲೆ ಹಿರಿಯರೆಲ್ಲ ಕೂಡಿದರು. ಅತ್ತಿಗೆ ಕೇಳಿಕೊಂಡಂತೆ ಎಲ್ಲ ಹೇಳತೊಡಗಿದೆ. ಅಂಗೈ ವಿಷಯಕ್ಕೆ ಬರುವಷ್ಟರಲ್ಲಿ ಅವ್ವ ಹಗ್ಗ ಕಿತ್ತುಕೊಂಡಳು. ಬೆರಳಿನ ನಡುವೆ ಹುರಿ ತಿರುಗಿಸಿ ನೋಡಿದಳು, ಅವಳ ಮುಖ ಅರಳಿತು. "ನನ್ನ ಮಗನ ಹುರಿ ಇದು! ಬದುಕ್ಯಾನಂತ ನಾ ಹೇಳ್ಲಿಲ್ಲೇನು? ತಮ್ಮನ ಜೀವ ಉಳ್ಸ್ಯಾನ. ಈಗ ಬರ್ರಿ ನೋಡೋಣು, ಯಾರು ಉಡಿಕಿ ಮಾತಾಡ್ತೀರಿ!" ಎಂದು ಕೂಗಿದಳು. ಓಗೊಟ್ಟರೆ ಬದುಕಿದ್ದಾನೆ, ಓಗೊಡದಿದ್ದರೆ ಇಲ್ಲ ಎಂದಷ್ಟೇ ಪದ್ಧತಿ. ಓಗೊಡದೆ ಬಾಗಿಲು ಮುಚ್ಚಿದರೆ ಏನೆಂದು ತಿಳಿಯಬೇಕು ಎಂಬುದು ಹಿರಿಯರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅವರಲ್ಲಿ ಹಿರಿಯರಾದವರೊಬ್ಬರು, "ಹಗ್ಗ ಖರೇನೂ ಗುರುಲಿಂಗಂದೇ ಆದ್ರ ಹುಡುಗಿನ್ನ ಕಳಸ್ಲಿಕ್ಕ ಬರಂಗಿಲ್ಲಪಾ" ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತಿಗೆಯ ಬಾಳು ಆ ಮಾತಿನಲ್ಲಿ ಮುಗಿಯಿತು ಎಂದು ನನಗೆ ಅನ್ನಿಸಿತು. ಅವಳಿಗೆ ಸಹಾಯವಾಗಲೆಂದು ಹೋದವನು ಅವಳನ್ನು ಅದೇ ಕಂಬಕ್ಕೆ ಇನ್ನೂ ಬಿಗಿಯಾಗಿ ಕಟ್ಟಿ ಬಂದಿದ್ದೆ.

ಆಗ ನಾನು ಎಡಗೈ ಮುಂದೆ ಚಾಚಿ ಉಳಿದದ್ದನ್ನೂ ಹೇಳಿದೆ. ಯಾರೋ ಒಳಗಿನಿಂದ ಪುಂಡಿ ನಾರು ತಂದು, ಎಡಗೈಯಿಂದ ಹೊಸೆದು ತೋರಿಸು ಎಂದರು. ಎಲ್ಲರ ಎದುರು ಕೂತು ಎಡತೊಡೆಯ ಮೇಲಿಟ್ಟು ಉಜ್ಜಿದೆ. ನಾರು ಗಂಟುಗಂಟಾಗಿ ಉದುರಿತೇ ಹೊರತು ಒಂದು ಎಳೆಯೂ ಹುರಿಗೊಳ್ಳಲಿಲ್ಲ.

ಅತ್ತಿಗೆ ಹೊರಗೆ ಬಂದಳು. ಹಿರಿಯರ ಮುಂದೆ ಸೆರಗು ಸರಿಸಿಕೊಂಡು ಬಂದದ್ದು ಅದೇ ಮೊದಲು. ನನ್ನ ಎದುರು ಕೂತು ನನ್ನ ಎಡ ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಬೊಬ್ಬೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು.

"ಅತ್ತಿ, ಅವರೇ ಬಂದಿದ್ರು. ಅದು ಖರೇ. ಆದ್ರ ತಮ್ಮನ ಕೈಲಿಂದ ಕಟ್ಯಾರ. ಅವರಿಗಿ ಸ್ವಂತ ಕೈ ಇದ್ದಿದ್ರ ಆ ಕೈಲೇ ಕಟ್ತಿದ್ರಲ್ಲಾ?"

ಹಗ್ಗ ಹಿಡಿದ ಅವ್ವನ ಕೈ ನಿಧಾನವಾಗಿ ಮಡಿಲಿಗೆ ಇಳಿಯಿತು. ನಂತರ ಅವ್ವ ಅತ್ತಳು. ಅಷ್ಟು ವರ್ಷ ಹಿಡಿದಿಟ್ಟ ಅಳು ಹೊರಗೆ ಬಂದರೆ ಹೇಗಿರುತ್ತದೆ ಎಂದು ಅಂದು ನೋಡಿದೆ, ಇನ್ನೊಮ್ಮೆ ನೋಡುವುದು ಬೇಡ. ಅತ್ತಿಗೆ ಅವಳನ್ನು ತಬ್ಬಿಕೊಂಡು ಕೂತಳು. ಸಂಜೆಯ ಹೊತ್ತಿಗೆ ಅವ್ವನೇ ಎದ್ದು ಅತ್ತಿಗೆಯ ಕೊರಳ ತಾಳಿ ತೆಗೆದು ದೇವರ ಮಾಡದಲ್ಲಿಟ್ಟಳು. "ಹೋಗವ್ವ, ನಿನ್ನ ಮನಿ ಮಾಡ್ಕೋ ಹೋಗು" ಎಂದಳು.

ಅತ್ತಿಗೆ ಸೇಡಂಗೆ ಹೋದಳು. ಮಕ್ಕಳಾದವು, ಮನೆ ತುಂಬಿತು. ನಮ್ಮ ಮನೆಗೂ ಬಂದು ಹೋಗುತ್ತಾಳೆ, ತವರಿಗೆ ಬಂದಂತೆ. ಅವ್ವ ಸಾಯುವ ತನಕ ಆ ಹಗ್ಗ ಅವಳ ದಿಂಬಿನ ಕೆಳಗಿತ್ತು, ಈಗ ನನ್ನ ಹತ್ತಿರ ಇದೆ. ನಾರು ಒಣಗಿ ಬಿರುಸಾಗಿದೆ, ಹುರಿ ಮಾತ್ರ ಸ್ವಲ್ಪವೂ ಬಿಟ್ಟಿಲ್ಲ.

ಆ ರಾತ್ರಿ ಏನಾಯಿತು? ನನಗೆ ಪರಿಚಯದ ವೈದ್ಯರೊಬ್ಬರು, ನಿದ್ದೆಯಲ್ಲಿ ಎದ್ದು ಓಡಾಡುವವರು ಇದ್ದಾರೆ, ನೀನೇ ಎದ್ದು ಕಟ್ಟಿದ್ದೀಯ ಎಂದರು. ಇರಬಹುದು. ಚಿಕ್ಕವನಿದ್ದಾಗ ಅಣ್ಣನ ಪಕ್ಕ ಕೂತು ಅವನ ಕೈಯನ್ನೇ ನೋಡುತ್ತಿದ್ದವನು ನಾನು, ಅದು ಎಲ್ಲೋ ಒಳಗೆ ಉಳಿದಿರಬಹುದು. ಆದರೆ ಎಚ್ಚರದಲ್ಲಿ ಒಂದು ಎಳೆ ಹೊಸೆಯಲಾರದ ಎಡಗೈ ನಿದ್ದೆಯಲ್ಲಿ ಅಷ್ಟುದ್ದ ಹೊಸೆಯಿತೇ? ಚಿರತೆ ಬರುತ್ತದೆಂದು ನಿದ್ದೆಗೆ ಯಾರು ಹೇಳಿದರು? ಕೇಳಿದರೆ ವೈದ್ಯರು ನಕ್ಕು ಮಾತು ಬದಲಿಸಿದರು. ನಾನಾದರೂ ಅದನ್ನೇ ಮಾಡುತ್ತಿದ್ದೆ.

ನನ್ನನ್ನು ಕೊರೆಯುವುದು ಇನ್ನೊಂದು. ವೈದ್ಯರ ಮಾತೇ ನಿಜವಾದರೆ ಅತ್ತಿಗೆಯ ಮಾತು ಸುಳ್ಳಾಗುತ್ತದೆ. ಆಗ ಅಣ್ಣ ಸತ್ತನೆಂಬುದಕ್ಕೆ ನಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಅವನು ಎಲ್ಲೋ ಇರಬಹುದು, ಒಂದು ದಿನ ಬರಲೂಬಹುದು. ದಾರಿಹೋಕ ಮುದುಕರು ಈಗಲೂ ನಮ್ಮ ಕಟ್ಟೆಗೆ ಬಂದು ಕೂತು ನೀರು ಕೇಳುತ್ತಾರೆ. ಚೊಂಬು ಮುಂದೆ ಹಿಡಿಯುವಾಗ ನಾನು ಅವರ ಮುಖ ನೋಡುವುದಿಲ್ಲ, ಯಾವ ಕೈ ಬರುತ್ತದೆ ಎಂದು ನೋಡುತ್ತೇನೆ. ಇದುವರೆಗೆ ಬಂದವರೆಲ್ಲ ಬಲಗೈಯನ್ನೇ ಚಾಚಿದ್ದಾರೆ. ಆಗ ನನಗೆ ಆಗುವುದು ಸಮಾಧಾನವೋ ಸಂಕಟವೋ, ಅದನ್ನೂ ನಾನು ಹೇಳಲಾರೆ.